ವಿಕ್ಟೋರಿನಾಕ್ಸ್ ಕ್ಲೈಂಬರ್ ಜೇಬುಚಾಕು: ನಾಲ್ಕು ವರ್ಷದ ಬಳಕೆ, ಮುಖ್ಯವಾಗಿ ಆ ಸುರುಳಿಯ ಬಗ್ಗೆ

ಗಾಂಧಿ ಬಜಾರಿನ ಹತ್ತಿರ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ. ಪುಸ್ತಕ, ಪೆನ್ನು ಕೂಡ ಮಾರುತ್ತೇನೆ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲ ಕೆಲಸ ಪೆಟ್ಟಿಗೆ, ಬಂಡಲ್ ಬಿಚ್ಚುವುದು. ಜೇಬಲ್ಲಿ ಚಾಕು ಇಲ್ಲದಿದ್ದರೆ ಕೈ ಕಟ್ಟಿದ ಹಾಗೆ.

ಮೊದಲು ಆನ್‌ಲೈನಲ್ಲಿ ತರಿಸಿದ್ದು ಬೇರೆ ಚಾಕು. ಕಪ್ಪು ಅಲಗು, ಹೆಬ್ಬೆರಳಲ್ಲಿ ತಳ್ಳಿದರೆ ಟಕ್ ಅಂತ ತೆರೆದು ಲಾಕ್ ಆಗುತ್ತಿತ್ತು. ಎರಡು ತಿಂಗಳಿಗೆ ಕೀಲಿನ ಸ್ಕ್ರೂ ಸಡಿಲಾಯಿತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಒಂದು ದಿನ ಆ ಸದ್ದಿಗೆ ಕೌಂಟರ್ ಮುಂದೆ ನಿಂತಿದ್ದ ಶಾಲೆ ಹುಡುಗಿ ಬೆಚ್ಚಿ ಹಿಂದೆ ಸರಿದಳು. ನನಗೆ ತುಂಬಾ ಬೇಜಾರಾಯಿತು. ಅವತ್ತೇ ಅದನ್ನು ಡ್ರಾಯರಿಗೆ ಹಾಕಿದೆ. ನಾಲ್ಕು ಜನರ ಮುಂದೆ ತೆಗೆಯುವ ಚಾಕು ಯಾರನ್ನೂ ಹೆದರಿಸಬಾರದು.

ಆಮೇಲೆ ನೋಡಿದ್ದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಈ ಕೆಂಪು ಚಾಕುಗಳನ್ನು. ಅಲಗಿನ ಜೊತೆ ಕತ್ತರಿಯಂಥ ಸಣ್ಣ ಸಲಕರಣೆಗಳೂ ಹಿಡಿಯೊಳಗೇ ಇರುತ್ತವೆ. ನನಗೆ ಬೇಕಿದ್ದದ್ದು ಸೂಪರ್ ಟಿಂಕರ್ ಅನ್ನುವ ಮಾದರಿ. ಅದೂ ಕ್ಲೈಂಬರೂ ಹೆಚ್ಚುಕಡಿಮೆ ಒಂದೇ. ಬೆನ್ನಿನ ಮೇಲೆ ಅದಕ್ಕೆ ಸ್ಟಾರ್ ಸ್ಕ್ರೂಡ್ರೈವರ್, ಇದಕ್ಕೆ ವೈನ್ ಬಾಟಲಿಯ ಬಿರಡೆ ಕೀಳುವ ಸುರುಳಿ. ನಮ್ಮ ಮನೆಯಲ್ಲಿ ವೈನ್ ಕುಡಿಯುವವರು ಯಾರೂ ಇಲ್ಲ. ಆದರೆ ಸ್ಟಾಕ್ ಇದ್ದದ್ದು ಕ್ಲೈಂಬರ್ ಮಾತ್ರ. ಶಾಲೆ ಶುರುವಾಗುವ ಸಮಯ, ಕಾಯುವ ಹಾಗಿರಲಿಲ್ಲ. 3,000 ರೂಪಾಯಿಯ ಹತ್ತಿರ ಕೊಟ್ಟು ತಂದೆ. ನನ್ನ ಅಂಗಡಿಯ ಲೆಕ್ಕದಲ್ಲಿ ಅದು ಸಣ್ಣ ದುಡ್ಡಲ್ಲ. ಬೇಡದ ಸುರುಳಿಗೂ ಕಾಸು ಕೊಟ್ಟೆನಲ್ಲಾ ಅಂತ ಸ್ವಲ್ಪ ದಿನ ಸಂಕಟವಿತ್ತು.

ಅವೆನ್ಯೂ ರಸ್ತೆಯಿಂದ ಬರುವ ನೋಟ್‌ಬುಕ್ ಬಂಡಲ್‌ಗಳಿಗೆ ಗೋಣಿದಾರ ಬಿಗಿದಿರುತ್ತಾರೆ. ಗಂಟು ಕಲ್ಲಿನ ಹಾಗಿರುತ್ತದೆ. ನಾನು ಕೊಯ್ದು ಬಿಸಾಡುತ್ತಿದ್ದೆ. ಮಧ್ಯಾಹ್ನ ಊಟ ತರುವ ಅಮ್ಮನಿಗೆ ಅದನ್ನು ನೋಡಿದರೆ ಆಗುತ್ತಿರಲಿಲ್ಲ. 'ದಾರ ಯಾಕೋ ಕೊಯ್ತೀಯಾ, ಬಿಚ್ಚಬಾರದಾ?' ಅನ್ನುತ್ತಿದ್ದರು. ಮನೆಗೆ ಬಂದ ಯಾವ ದಾರವನ್ನೂ ಅವರು ಬಿಟ್ಟವರಲ್ಲ. ಎಲ್ಲಾ ಸುತ್ತಿ ಉಂಡೆ ಮಾಡಿ ಡಬ್ಬಿಗೆ ಹಾಕುತ್ತಾರೆ.

ಒಂದು ದಿನ ಸುಮ್ನೆ ಸುರುಳಿಯ ತುದಿಯನ್ನು ಗಂಟಿನ ನಡುವೆ ತೂರಿಸಿ ಅರ್ಧ ಸುತ್ತು ತಿರುಗಿಸಿ ಎಳೆದೆ. ಗಂಟು ಸಡಿಲಾಯಿತು! ತುದಿ ಎಳೆಗಳ ನಡುವೆ ನುಗ್ಗುತ್ತದೆ, ಆದರೆ ದಾರ ಕೊಯ್ಯುವುದಿಲ್ಲ. ಅಲಗಿನ ತುದಿಯಲ್ಲಿ ಮೀಟಿದರೆ ದಾರವೂ ಹೋಗುತ್ತದೆ, ಬೆರಳಿಗೂ ಅಪಾಯ. ಈಗ ದಿನಾ ಬೆಳಿಗ್ಗೆ ಅದೇ ಕೆಲಸ. ಕಾಫಿ ಲೋಟ ಪಕ್ಕಕ್ಕಿಟ್ಟು, ಸ್ಟೂಲ್ ಮೇಲೆ ಕೂತು, ಒಂದೊಂದೇ ಗಂಟು. ಬಿಚ್ಚಿದ ದಾರವನ್ನು ನಾಲ್ಕು ಬೆರಳಿಗೆ ಸುತ್ತಿ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ಹಾಕುತ್ತೇನೆ. ಪುಸ್ತಕ ಕೊಂಡವರಿಗೆ ಅದರಲ್ಲೇ ಕಟ್ಟಿಕೊಡುತ್ತೇನೆ. ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹತ್ತು ನಿಮಿಷ ಅದು.

ಚಾಕುವಿನ ಹಿಡಿಯಲ್ಲಿರುವ ಚಿಮುಟದ ಬಗ್ಗೆಯೂ ಒಂದು ಮಾತು. ಜೆರಾಕ್ಸ್ ಮೆಷಿನ್ನಿನ ರೋಲರಿಗೆ ಸಿಕ್ಕ ಕಾಗದದ ಚೂರು ಕೈಗೆ ಬರುವುದಿಲ್ಲ, ಚಿಮುಟಕ್ಕೆ ಬರುತ್ತದೆ. ಸ್ವಿಚ್ ಆರಿಸಿ, ಬಿಸಿ ಇಳಿದ ಮೇಲೆ ಮಾಡಿ. ಕತ್ತರಿ ಚೆನ್ನಾಗಿದೆ. ಹಲ್ಲುಕಡ್ಡಿ ಎಂದೋ ಕಳೆದುಹೋಯಿತು.

ಅಲಗಿಗೆ ಲಾಕ್ ಇಲ್ಲ, ಸ್ಪ್ರಿಂಗ್ ಬಿಗಿತವಷ್ಟೇ. ತುದಿಯಲ್ಲಿ ಒತ್ತಿ ಚುಚ್ಚಿದರೆ ಬೆರಳ ಮೇಲೆ ಮಡಚಿಕೊಳ್ಳಬಹುದು. ಎಳೆದು ಕೊಯ್ಯುವ ಕೆಲಸಕ್ಕೆ ಇಟ್ಟುಕೊಳ್ಳಿ. ಉಕ್ಕು ಸ್ವಲ್ಪ ಮೆದು. ರಟ್ಟು ಕೊಯ್ದು ಕೊಯ್ದು ಮೊಂಡಾಗುತ್ತದೆ, ಅಷ್ಟೇ ಸುಲಭವಾಗಿ ಹರಿತವೂ ಆಗುತ್ತದೆ. ಭಾನುವಾರ ಪಿಂಗಾಣಿ ಕಪ್ಪು ಬೋರಲು ಹಾಕಿ, ತಳದ ಒರಟು ಅಂಚಿಗೆ ಹತ್ತು ಸಲ ಆಚೆ, ಹತ್ತು ಸಲ ಈಚೆ ಮಸೆಯುತ್ತೇನೆ. ಕೀಲಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು. ಪೇರಲೆ ಹಣ್ಣು ಕೊಯ್ದರೆ ತೊಳೆದು, ಒರೆಸಿ, ಆಮೇಲೆ ಮಡಚುತ್ತೇನೆ.

ದಿನಾ ಜೇಬಲ್ಲಿರಲಿ ಅಂತ ಕೊಳ್ಳುವವರು ಒಂದು ವಿಷಯ ನೆನಪಿಡಿ: ಮೆಟ್ರೋದಲ್ಲಿ ಚಾಕು ಒಯ್ಯುವ ಹಾಗಿಲ್ಲ. ನಾನು ಒಮ್ಮೆ ಮರೆತು ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ವಾಪಸ್ ಬಂದೆ. ಚಿಕ್ಕಪೇಟೆಗೆ ಮೆಟ್ರೋದಲ್ಲಿ ಹೋಗುವ ದಿನ ಅದು ಗಲ್ಲಾಪೆಟ್ಟಿಗೆಯಲ್ಲೇ ಇರುತ್ತದೆ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ.

ಸುರುಳಿಯೊಳಗೆ ತಿರುಗಿಸಿ ಕೂರಿಸುವ ಪುಟ್ಟ ಸ್ಕ್ರೂಡ್ರೈವರನ್ನು ಅದೇ ಕಂಪನಿ ಬೇರೆಯಾಗಿ ಮಾರುತ್ತದೆ. ಹೋದ ವರ್ಷ ತರಿಸಿದೆ. ಅಮ್ಮನ ಕನ್ನಡಕದ ಸ್ಕ್ರೂ ಬಿಗಿ ಮಾಡಲು ಅದೇ ಆಗಿದೆ. ಕನ್ನಡಕ ಹಾಕಿಕೊಂಡು ಅಮ್ಮ ನನ್ನ ಕೈಯಿಂದ ಚಾಕು ತೆಗೆದುಕೊಂಡರು. ಅಲಗು ತೆರೆಯಲೇ ಇಲ್ಲ. ನೆಟ್ಟಗೆ ಸುರುಳಿ ಬಿಡಿಸಿ, ಹೂವಿನ ಪೊಟ್ಟಣದ ದಾರದ ಗಂಟಿಗೆ ಹಾಕಿದರು. ಮೊನ್ನೆ ತನಗೂ ಇಂಥದ್ದೊಂದು ಬೇಕು ಅಂದರು. ಈ ಸಲ ಸೂಪರ್ ಟಿಂಕರ್ ಸ್ಟಾಕ್ ಇದೆ. ನಾನು ಕ್ಲೈಂಬರನ್ನೇ ಹುಡುಕುತ್ತಿದ್ದೇನೆ.