ಮೀಸೆ ಮೀನಿಗೆ ಲಾರಿ ಟ್ಯೂಬಾ, ಹರಿಗೋಲಾ?

ಮೊದಲೇ ಹೇಳಿಬಿಡುತ್ತೇನೆ. ಟ್ಯೂಬಿನಲ್ಲಿ ಕೂತರೆ ಮೀನು ಜಾಸ್ತಿ ಕಚ್ಚುತ್ತದೆ, ಹರಿಗೋಲಿನಲ್ಲಿ ಕೂತರೆ ಮೀನು ಜಾಸ್ತಿ ಮನೆಗೆ ಬರುತ್ತದೆ. ಇವೆರಡೂ ಒಂದೇ ಅಲ್ಲ ಅಂತ ಗೊತ್ತಾಗಲು ನನಗೆ ಮಾರ್ಚ್‌ನಿಂದ ಮೇ ಕೊನೆವರೆಗೆ 13 ಸಂಜೆ ಹಿಡಿಯಿತು. ಜೊತೆಗೆ ಒಂದು ಪಂಕ್ಚರ್, ಒಂದು ಚೇಳು ಮೀನಿನ ಕುಟುಕು, ಮನೆಯಲ್ಲಿ ಎರಡು ದಿನದ ಮೌನ.

ಜಾಗ ಮುನಿರಾಬಾದ್‌ನಿಂದ ಮೇಲಕ್ಕೆ, ತುಂಗಭದ್ರಾ ಹಿನ್ನೀರು, ನಮ್ಮ ಕೊಪ್ಪಳ ಕಡೆಯ ದಂಡೆ. ಡ್ಯಾಮಿನ ಹತ್ತಿರ ಅಲ್ಲ, ಅಲ್ಲಿ ಯಾರನ್ನೂ ನೀರಿಗೆ ಬಿಡಲ್ಲ. ಜೊತೆಗೆ ಇದ್ದವರು ಕಾಕಾ. ನನಗೆ ಸ್ವಂತ ಕಾಕಾ ಅಲ್ಲ, ಊರಿಗೆಲ್ಲ ಕಾಕಾ, ನಲವತ್ತು ವರ್ಷದಿಂದ ಇದೇ ನೀರಿನಲ್ಲಿ ಹರಿಗೋಲು ಹಾಕುತ್ತಿರುವವರು. ಮೀನು ಹಿಡಿಯುವ ಪರವಾನಗಿ ಅವರದು, ನಾನು ಅವರ ಬಾಲ. ನೀವೂ ಹಾಗೇ ಯಾರದಾದರೂ ಜೊತೆಗೆ ಹೋಗಿ. ಜಲಾಶಯಕ್ಕೆ ಪರವಾನಗಿ ಬೇಕು, ಊರ ಕೆರೆಯಾದರೆ ಯಾರೋ ಗುತ್ತಿಗೆ ಹಿಡಿದಿರುತ್ತಾರೆ, ಸುಮ್ನೆ ಗಾಳ ಹಾಕಿ ಬೈಸಿಕೊಳ್ಳಬೇಡಿ.

ದಡದಿಂದ ಗಾಳ ಹಾಕುವ ವಿಷಯ ಬೇಗ ಮುಗಿಸುತ್ತೇನೆ. ಬೇಸಿಗೆಯಲ್ಲಿ ಅದು ಬೇಡ. ನೀರು ಹಿಂದಕ್ಕೆ ಸರಿದು ಎಲ್ಲಿಗೋ ಹೋಗಿರುತ್ತದೆ, ನಡುವೆ ಮೊದಲು ಬಿರುಕು ಬಿಟ್ಟ ಮಣ್ಣು, ಆಮೇಲೆ ಮೊಣಕಾಲವರೆಗೆ ಕೆಸರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ಹೂಳು ಏನು ಅಂತ ಚಪ್ಪಲಿ ಕಳೆದುಕೊಂಡ ಮೇಲೆ ಗೊತ್ತಾಯಿತು. ಎಷ್ಟು ಜೋರಾಗಿ ಬೀಸಿದರೂ ಗಾಳ ಬೀಳುವುದು ಸೊಂಟದ ಆಳದ ನೀರಿಗೆ. ದೊಡ್ಡ ಮೀನು ಹಗಲಲ್ಲಿ ಇರುವುದು ಹಳೆ ಹೊಳೆ ಹರಿಯುತ್ತಿದ್ದ ತಗ್ಗಿನಲ್ಲಿ. ಕತ್ತಲಾದ ಮೇಲೆ ಅವು ಮೇವಿಗೆ ಅಂತ ಕಡಿಮೆ ನೀರಿಗೆ ಬರುತ್ತವೆ, ನಿಜ, ಆದರೆ ಅಷ್ಟೊತ್ತಿಗೆ ಸೊಳ್ಳೆ ನಿಮ್ಮನ್ನು ಮನೆಗೆ ಕಳಿಸಿರುತ್ತದೆ.

ಹಾಗಾಗಿ ಲೆಕ್ಕ ಉಳಿದದ್ದು ಎರಡರದ್ದೇ.

ಟ್ಯೂಬು ಅಂದರೆ ಅಂಗಡಿಯ ಫ್ಲೋಟ್ ಟ್ಯೂಬ್ ಅಲ್ಲ. ಅದರ ಬೆಲೆ ನೋಡಿ ಫೋನು ಕೆಳಗಿಟ್ಟೆ. ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಹಳೆ ಟ್ಯೂಬು 250 ರೂಪಾಯಿಗೆ ಸಿಕ್ಕಿತು, ಮೂರು ಕಡೆ ತೇಪೆ ಇತ್ತು. ನಡುವಿನ ತೂತಿಗೆ ಹಳೆ ಮಂಚದ ನವಾರ ಪಟ್ಟಿ ಹೆಣೆದು ಸೀಟು ಮಾಡಿದೆ, ಕಾಲು ಇಳಿಬಿಡಲು ಎರಡು ಕಂಡಿ. ನಾಜಲ್ ಇರುವ ಕಡೆಗೆ ಹಳೆ ಬನಿಯನ್ ಸುತ್ತಿದೆ. ಸುತ್ತದೆ ಹೋಗಿದ್ದ ಮೊದಲ ದಿನ ತೊಡೆ ಕೆರೆದು ಹೋಗಿತ್ತು. ಆನ್‌ಲೈನ್‌ನಲ್ಲಿ ತರಿಸಿದ್ದು ಈಜುವವರು ಕಾಲಿಗೆ ಹಾಕುವ ಫಿನ್ ಮತ್ತು ಲೈಫ್ ಜಾಕೆಟ್ ಮಾತ್ರ. ಈ ಕಪ್ಪೆಕಾಲು ಹಾಕಿಕೊಂಡು ಮುಂದಕ್ಕೆ ನಡೆದರೆ ಕೆಸರಿಗೆ ಮಕಾಡೆ ಬೀಳುತ್ತೀರಿ. ಹಿಂದೆ ಹಿಂದೆ ನಡೆಯುತ್ತಾ ನೀರಿಗೆ ಇಳಿಯಬೇಕು. ನೀರಿನಲ್ಲೂ ಹೋಗುವುದು ಹಿಂದಕ್ಕೇ, ಕಾಲು ಬಡಿದರೆ ಬೆನ್ನು ಇರುವ ಕಡೆ ಸಾಗುತ್ತದೆ. ಎರಡೂ ಕೈ ಗಾಳಕ್ಕೆ ಬಿಡುವು.

ಮೊದಲ ಸಂಜೆ ಕಾಕಾ ದೂರದಿಂದ ನೋಡಿ ಹತ್ತಿರ ಬಂದು ಹೇಳಿದ್ದು: "ತಮ್ಮಾ, ಯಾರದೋ ಎಮ್ಮಿ ತಪ್ಪಿಸ್ಕೊಂಡೈತಿ ಅಂತ ಹಗ್ಗ ತಗೊಂಡು ಬಂದೆ ನೋಡು."

ಹರಿಗೋಲು ನಿಮಗೆ ಗೊತ್ತೇ ಇದೆ. ಬಿದಿರ ದಬ್ಬೆಯ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇದೇ ಹೊಳೆಯ ಹರಿಗೋಲು ನೋಡಿ, ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ ಬರೆದಿಟ್ಟಿದ್ದಾನೆ. ಐನೂರು ವರ್ಷವಾದರೂ ಆ ಒಂದು ದೂರು ಹಾಗೇ ಇದೆ. ಗಾಳ ಹಾಕುವವನಿಗೆ ಇದು ಸಣ್ಣ ವಿಷಯ ಅಲ್ಲ. ಎರಡು ಗಾಳ ಬಿಟ್ಟು ಕೂತರೆ, ಹರಿಗೋಲು ಮೆಲ್ಲಗೆ ತಿರುಗಿ ತಿರುಗಿ, ಹತ್ತು ನಿಮಿಷಕ್ಕೆ ಎರಡೂ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ಜಡೆ ಹೆಣೆದಂತೆ ಆಗಿರುತ್ತವೆ. ಕಲ್ಲು ಕಟ್ಟಿ ಲಂಗರು ಬಿಟ್ಟರೂ ಅದರ ಸುತ್ತಲೇ ತಿರುಗುತ್ತದೆ. ಎರಡು ಕಡೆ ಕಲ್ಲು ಬಿಟ್ಟರೆ ಮಾತ್ರ ನಿಲ್ಲುತ್ತದೆ.

ಟ್ಯೂಬಿಗೆ ಒಂದೇ ಸಣ್ಣ ಮರಳಿನ ಚೀಲ ಸಾಕು. ಅದೂ ಬೇಡ ಎನಿಸಿದರೆ ಕಾಲು ಆಗಾಗ ಆಡಿಸಿದರೆ ಆಯಿತು.

ಈಗ ನೋಟ್‌ಬುಕ್ಕಿನ ಲೆಕ್ಕ. ಟ್ಯೂಬಿನಲ್ಲಿ ಏಳು ಸಂಜೆ: 26 ಸಲ ಕಚ್ಚಿದ್ದು, ಕೈಗೆ ಸಿಕ್ಕಿದ್ದು 9. ಹರಿಗೋಲಿನಲ್ಲಿ ಆರು ಸಂಜೆ: ಕಚ್ಚಿದ್ದು 15, ಸಿಕ್ಕಿದ್ದು 12. ಒಂದೇ ಗಾಳ, ಒಂದೇ ಎರೆ, ಹೆಚ್ಚುಕಡಿಮೆ ಒಂದೇ ಜಾಗ, ಐದು ಗಂಟೆಯಿಂದ ರಾತ್ರಿ ಒಂಬತ್ತರವರೆಗೆ. ಸಿಕ್ಕಿದ್ದರಲ್ಲಿ ಬಹುಪಾಲು ಸಣ್ಣ ಗಿರ್ಲು ಮೀನು, ನಾಲ್ಕು ದೊಡ್ಡ ಬಾಳೆ ಮೀನು, ಎರಡು ಚೇಳು ಮೀನು, ಮೂರೂ ಮೀಸೆ ಮೀನಿನ ಜಾತಿಯೇ.

ಟ್ಯೂಬಿಗೆ ಯಾಕೆ ಜಾಸ್ತಿ ಕಚ್ಚುತ್ತದೆ? ನನ್ನ ಪ್ರಕಾರ ಸದ್ದು. ಮೀಸೆ ಮೀನಿಗೆ ಕಣ್ಣು ಅಷ್ಟಕ್ಕಷ್ಟೇ. ಮೀಸೆಯಲ್ಲಿ, ಮೈತುಂಬಾ ಚರ್ಮದಲ್ಲಿ ರುಚಿ ತಿಳಿಯುವ ಮೊಗ್ಗುಗಳಿವೆ, ನಾಲಿಗೆಯೇ ಮೈಯೆಲ್ಲ ಹರಡಿದ ಹಾಗೆ. ಅದಕ್ಕಿಂತ ಮುಖ್ಯ ಕಿವಿ. ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ ಕಿವಿವರೆಗೆ ಸಣ್ಣ ಮೂಳೆಗಳ ಸಾಲು ಇದೆ, ನೀರಿನ ಅದುರು ನೇರವಾಗಿ ಅಲ್ಲಿಗೆ ಮುಟ್ಟುತ್ತದೆ. ಹರಿಗೋಲಿನ ತಳ ತಮಟೆ ಇದ್ದಂತೆ. ಹುಟ್ಟು ಇಟ್ಟರೆ ಸದ್ದು, ಕಾಲು ಮಡಚಿದರೆ ಸದ್ದು. ಕಾಕಾ ಬುತ್ತಿ ಡಬ್ಬಿ ಮುಚ್ಚಳ ಕೆಳಗೆ ಬೀಳಿಸಿದ ದಿನ ಅರ್ಧ ಗಂಟೆ ಒಂದೂ ಕಚ್ಚಲಿಲ್ಲ. ಟ್ಯೂಬು ರಬ್ಬರು, ಗಾಳಿ ತುಂಬಿದ್ದು, ಏನೂ ಸದ್ದಿಲ್ಲ. ಮುಳುಗಿದ ಜಾಲಿ ಬೊಡ್ಡೆಗಳ ಪಕ್ಕಕ್ಕೇ ಹೋಗಿ ನಿಲ್ಲಬಹುದು.

ಎರೆ ಒಂದೇ ಆದರೂ ಅದನ್ನು ಇಟ್ಟುಕೊಳ್ಳುವುದರಲ್ಲಿ ವ್ಯತ್ಯಾಸ ಇದೆ. ನಮ್ಮ ಕಪ್ಪು ಮಣ್ಣಿನ ಭೂಮಿಯಲ್ಲಿ ಬೇಸಿಗೆಗೆ ಎರೆಹುಳ ಹುಡುಕುವುದೇ ಒಂದು ಕೆಲಸ, ಹೊಲ ಎಲ್ಲ ಒಣಗಿ ಬಿರಿದಿರುತ್ತದೆ. ಬಚ್ಚಲ ನೀರು ಹೋಗುವಲ್ಲಿ ಅಗೆದರೆ ಸಿಗುತ್ತವೆ, ಇಲ್ಲ ತಿಪ್ಪೆಯ ಬುಡದಲ್ಲಿ. ಗಿರ್ಲಿಗೆ ಅದೇ ಸಾಕು. ಬಾಳೆಗೆ ಕೋಳಿ ಕರುಳು ಬೇಕು, ಅದೂ ಮಧ್ಯಾಹ್ನ ಬಿಸಿಲಲ್ಲಿ ಇಟ್ಟು ವಾಸನೆ ಬಂದದ್ದು. ಹರಿಗೋಲಿನಲ್ಲಿ ಆ ಡಬ್ಬಿಯನ್ನು ಆಚೆ ತುದಿಗೆ ತಳ್ಳಬಹುದು. ಟ್ಯೂಬಿನಲ್ಲಿ ಆಚೆ ತುದಿ ಅನ್ನೋದೇ ಇಲ್ಲ. ಮೂಗಿನಿಂದ ಒಂದು ಗೇಣು ದೂರದಲ್ಲಿ ಅದು, ನಾಲ್ಕು ಗಂಟೆ. ಹೂಳಿನಲ್ಲಿ ಸೀಸದ ಗುಂಡು ಹೂತು ಎರೆಯೂ ಅದರ ಜೊತೆ ಮುಚ್ಚಿ ಹೋಗುತ್ತದೆ, ಅದಕ್ಕೆ ಗಾಳದ ಹತ್ತಿರ ಕಡಲೆಕಾಳಿನಷ್ಟು ಥರ್ಮಕೋಲ್ ಪೋಣಿಸಿ. ಎರೆ ಕೆಸರಿನಿಂದ ಒಂದಿಷ್ಟು ಮೇಲೆ ತೇಲುತ್ತದೆ. ಇದು ಎರಡಕ್ಕೂ ಅನ್ವಯ. ಬಾಳೆಗೆ ಗಾಳದ ಮೇಲೆ ಒಂದು ಗೇಣು ಸ್ಟೀಲ್ ವೈರ್ ಹಾಕಿ, ಅದರ ಹಲ್ಲಿಗೆ ತಂಗೂಸಿ ನಿಲ್ಲುವುದಿಲ್ಲ.

ಸರಿ, ಟ್ಯೂಬಿನಲ್ಲಿ 26 ಕಚ್ಚಿ 17 ತಪ್ಪಿಸಿಕೊಂಡದ್ದು ಯಾಕೆ ಅಂತ ಕೇಳುತ್ತೀರಿ. ಟ್ಯೂಬಿನಲ್ಲಿ ಕೂತವನಿಗೆ ನೆಲ ಇಲ್ಲ. ಹರಿಗೋಲಿನಲ್ಲಿ ಮಂಡಿ ಊರಿ ಎಳೆಯಬಹುದು, ಕೋಲು ಎತ್ತಬಹುದು. ಟ್ಯೂಬಿನಲ್ಲಿ ನಿಮ್ಮ ಎದೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ನೀವು ಮೀನನ್ನು ಎಳೆದರೆ ಮೀನು ನಿಮ್ಮನ್ನು ಎಳೆಯುತ್ತದೆ. ಏಪ್ರಿಲ್‌ನಲ್ಲಿ ಒಂದು ಬಾಳೆ, ನಾಲ್ಕು ಕಿಲೋ ಇರಬಹುದು, ನನ್ನನ್ನು ಟ್ಯೂಬಿನ ಸಮೇತ ಜಾಲಿ ಬೊಡ್ಡೆಗಳ ಕಡೆ ಎಳೆದುಕೊಂಡು ಹೊರಟಿತು, ನಾನು ಕಾಲು ಬಡಿದದ್ದೇ ಬಡಿದದ್ದು, ಕೊನೆಗೆ ದಾರ ಬೊಡ್ಡೆಗೆ ಸುತ್ತಿಕೊಂಡು ಪಟ್ ಅಂತ ಹರಿಯಿತು. ಇನ್ನೊಂದು ಸರಿಯಾಗಿ ಕಾಲಿನ ಕೆಳಗೆ ನುಗ್ಗಿ ದಾರವನ್ನು ಎರಡೂ ಫಿನ್‌ಗೆ ಸುತ್ತಿ ಹೋಯಿತು. ಹರಿಗೋಲಿನಲ್ಲಿ ಇವೆರಡೂ ಸಿಗುತ್ತಿದ್ದವು, ನನಗೆ ಅನುಮಾನ ಇಲ್ಲ.

ಸಿಕ್ಕ ಮೇಲೆ ಇನ್ನೊಂದು ಪಾಡು. ಹರಿಗೋಲಿನಲ್ಲಿ ನಡುವೆ ಎಸೆದು ಒದ್ದೆ ಗೋಣಿಚೀಲ ಮುಚ್ಚಿದರೆ ಮುಗಿಯಿತು. ಟ್ಯೂಬಿನಲ್ಲಿ ಮೀನು ನಿಮ್ಮ ತೊಡೆಯ ಮೇಲೆ. ಗಿರ್ಲಿನ ಬೆನ್ನು, ಪಕ್ಕದ ರೆಕ್ಕೆಗಳಲ್ಲಿ ಗರಗಸದಂಥ ಮುಳ್ಳು. ಚೇಳು ಮೀನಿನ ಮುಳ್ಳಿಗೆ ವಿಷವೂ ಇದೆ, ಹೆಸರು ಸುಮ್ನೆ ಬಂದಿಲ್ಲ. ಕತ್ತಲಲ್ಲಿ ಗಿರ್ಲು ಅಂತ ಹಿಡಿದೆ, ಅದು ಅದಲ್ಲ. ಹೆಬ್ಬೆರಳಿನಿಂದ ಮೊಣಕೈವರೆಗೆ ಬೆಂಕಿ ಹತ್ತಿದ ಹಾಗೆ. ಕಾಕಾ ದಂಡೆಗೆ ಕರೆತಂದು ಮೂರು ಕಲ್ಲಿನ ಮೇಲೆ ನೀರು ಕಾಯಿಸಿ, ತಡೆಯುವಷ್ಟು ಬಿಸಿಯಲ್ಲಿ ಅರ್ಧ ಗಂಟೆ ಮೇಲೆ ಕೈ ಮುಳುಗಿಸಿ ಕೂರಿಸಿದರು. ನೋವು ಇಳಿಯಿತು. ಆ ವಿಷ ಬಿಸಿಗೆ ಕೆಡುತ್ತದೆ. ಸುಟ್ಟುಕೊಳ್ಳುವಷ್ಟು ಬಿಸಿ ಬೇಡ, ಬಾವು ಏರಿದರೆ ಡಾಕ್ಟರ್ ಹತ್ತಿರ ಹೋಗಿ.

ಅದೇ ಮುಳ್ಳು ರಬ್ಬರಿಗೆ ತಾಗಿದರೆ? ನನಗೆ ಆ ಭಯವೇ ಇತ್ತು, ಆದರೆ ಪಂಕ್ಚರ್ ಮಾಡಿದ್ದು ಮೀನಲ್ಲ, ಬಳ್ಳಾರಿ ಜಾಲಿ. ನೀರು ಇಳಿದಾಗ ದಂಡೆಯಲ್ಲಿ ಬೆಳೆಯುತ್ತದೆ, ನೀರು ಏರಿದಾಗ ಮುಳುಗುತ್ತದೆ, ಮುಳ್ಳು ಮಾತ್ರ ಹಾಗೇ ಇರುತ್ತದೆ. ಸಂಜೆ ಏಳೂವರೆಗೆ ಸೀಟು ಯಾಕೋ ತಗ್ಗಾಯಿತು ಅನಿಸಿತು. ಮೊದಲು ಅದು ತಂಪಿಗೆ ಅಂದುಕೊಂಡೆ. ಬಿಸಿಲಲ್ಲಿ ಟ್ಯೂಬು ಉಬ್ಬಿ ಸಂಜೆ ನೀರಿನಲ್ಲಿ ಕುಗ್ಗುವುದು ಮಾಮೂಲಿ, ಅದಕ್ಕೇ ದಂಡೆಯಲ್ಲಿ ಬಿಸಿಲಿಗೆ ಇಡುವ ಮುಂಚೆ ಸ್ವಲ್ಪ ಗಾಳಿ ಬಿಡಬೇಕು. ಆದರೆ ಗುಳ್ಳೆ ಬರುವುದು ಮಾಮೂಲಿ ಅಲ್ಲ. ಲೈಫ್ ಜಾಕೆಟ್ ಇತ್ತು, ಸೀಟಿ ಇತ್ತು, ಊದಿದೆ. ಕಾಕಾ ಬಂದು ಹಗ್ಗ ಎಸೆದರು. ಈ ಸಲ ಎಮ್ಮೆಯ ಮಾತು ಆಡಲಿಲ್ಲ. ಮನೆಯಲ್ಲಿ ಮೌನ ಶುರುವಾದದ್ದು ಆವತ್ತೇ. ಈಗ ಲಾರಿ ಟ್ಯೂಬಿನ ಜೊತೆ ಬೆನ್ನ ಹಿಂದೆ ಸ್ಕೂಟರಿನದು ಒಂದು, ಬೇರೆಯಾಗಿ ಗಾಳಿ ತುಂಬಿ ಕಟ್ಟುತ್ತೇನೆ.

ಗಾಳಿಯ ವಿಷಯದಲ್ಲಿ ಎರಡೂ ಕೆಟ್ಟವೇ, ಟ್ಯೂಬು ಇನ್ನೂ ಕೆಟ್ಟದ್ದು. ಮೇ ತಿಂಗಳ ಸಂಜೆ ಪಡುವಣದಲ್ಲಿ ಕಪ್ಪಾಗಿ, ಮೊದಲು ಧೂಳು ಎದ್ದು, ಆಮೇಲೆ ಗುಡುಗು ಬರುತ್ತದಲ್ಲ, ಆಗ ಹರಿಗೋಲಿನವರು ಹುಟ್ಟು ಹಾಕಿ ಹೇಗೋ ದಂಡೆ ಸೇರುತ್ತಾರೆ. ಕಾಲು ಬಡಿದು ಗಾಳಿಗೆ ಎದುರು ಹೋಗಲು ಆಗುವುದಿಲ್ಲ. ಮೋಡ ಕಂಡ ದಿನ ಟ್ಯೂಬು ಇಳಿಸಲೇಬೇಡಿ.

ಇನ್ನೊಂದು. ಇದನ್ನು ಓದಿ ರಾಯಚೂರಿನ ಗೆಳೆಯರು ಕೃಷ್ಣೆಯಲ್ಲಿ ಟ್ಯೂಬು ಬಿಡಬೇಡಿ. ಅಲ್ಲಿ ಮೊಸಳೆ ಇವೆ. ಡ್ಯಾಮಿನ ಕೆಳಗೆ ತುಂಗಭದ್ರಾ ಹೊಳೆಯಲ್ಲೂ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲಿ ಮೀನು ನೀರುನಾಯಿಗಳ ಪಾಲು. ನೀರಲ್ಲಿ ಕಾಲು ಇಳಿಬಿಟ್ಟು ಕೂರುವ ಸವಾರಿ ಇದು. ನಾವು ಹಿನ್ನೀರಿಗೆ ಇಳಿಯುವ ಮುಂಚೆಯೂ ಕಾಕಾನನ್ನು, ಅವರ ಜೊತೆಯವರನ್ನು ದಿನಾ ಕೇಳಿಯೇ ಇಳಿಯುತ್ತಿದ್ದದ್ದು.

ಹಾಗಾದರೆ ಯಾವುದು? ಗಿರ್ಲಿಗೆ ಟ್ಯೂಬು, ಗಾಳಿ ಇಲ್ಲದ ಸಂಜೆ, ಜೊತೆಗೆ ಕಣ್ಣಳತೆಯಲ್ಲಿ ಒಂದು ಹರಿಗೋಲು. ಬಾಳೆಗೆ ಹರಿಗೋಲು, ಕಣ್ಣು ಮುಚ್ಚಿಕೊಂಡು. ಮಕ್ಕಳು ಜೊತೆಗಿದ್ದರೆ, ಈಜು ಬರದಿದ್ದರೆ ಟ್ಯೂಬಿನ ಮಾತೇ ಬೇಡ.

ಮೇ ಕೊನೆಗೆ ನಾವಿಬ್ಬರೂ ಒಂದು ನಡುದಾರಿ ಕಂಡುಕೊಂಡೆವು. ನಾನು ಟ್ಯೂಬಿನಲ್ಲಿ ಜಾಲಿ ಬೊಡ್ಡೆಗಳ ಹತ್ತಿರ, ಕಾಕಾ ಸುಮಾರು ಐವತ್ತು ಅಡಿ ಆಚೆ ಎರಡು ಕಲ್ಲು ಬಿಟ್ಟು ಸುಮ್ಮನೆ. ದೊಡ್ಡದು ಕಚ್ಚಿದರೆ ನಾನು ಎಳೆಯುವುದಿಲ್ಲ, ದಾರ ಬಿಡುತ್ತಾ ಹಿಂದೆ ಹಿಂದೆ ಕಾಲು ಬಡಿದು ಹರಿಗೋಲು ಮುಟ್ಟಿ ಕೋಲನ್ನು ಅವರ ಕೈಗೆ ಕೊಡುತ್ತೇನೆ. ನಾಲ್ಕು ಬಾಳೆಯಲ್ಲಿ ಕೊನೆಯ ಎರಡು ಹಾಗೆ ಬಂದವು, ನೋಟ್‌ಬುಕ್ಕಿನಲ್ಲಿ ಅವನ್ನು ಯಾವ ಸಾಲಿಗೆ ಬರೆಯುವುದು ಅಂತ ಯೋಚಿಸಿ ಕೊನೆಗೆ ಹರಿಗೋಲಿನ ಸಾಲಿಗೆ ಬರೆದೆ. ಜಗಳ ಅದರ ಆಮೇಲಿನದು, ಮೀನಿನ ತಲೆ ಯಾರಿಗೆ ಅಂತ. ಗಾಳ ನಂದು, ಎರೆ ನಂದು, ಕಚ್ಚಿಸಿದ್ದು ನಾನು. "ಎತ್ತಿದವ್ರು ಯಾರೋ ತಮ್ಮಾ?" ಅಂತ ಕಾಕಾ. ಇಲ್ಲಿವರೆಗೆ ಎರಡೂ ಸಲ ತಲೆ ಅವರ ಮನೆಗೇ ಹೋಗಿದೆ, ಬೂದಿ ಹಾಕಿ ಲೋಳೆ ಉಜ್ಜುವ ಕೆಲಸ ಮಾತ್ರ ನನಗೆ.