ಬಡಿಗತನದ ಅಂಗಡಿಗೆ ಯಾವ ಸಾಲ?

ಜಮಖಂಡಿ ಕಡೆ ಬಡಿಗತನ ಮಾಡುವವರು ಯಾವ ಯೋಜನೆ ಹಿಡಿಯಬೇಕು ಎಂಬುದು ಏನು ಕೊಳ್ಳುತ್ತೀರಿ ಎನ್ನುವುದರ ಮೇಲಿದೆ.

ಡ್ರಿಲ್, ಕಟರ್, ಕೈ ರಂದಾ ಅಷ್ಟೇ ಆದರೆ ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ ಸಾಕು. ಬಡ್ಡಿ ಶೇ 5. ಮೊದಲು 1 ಲಕ್ಷ. ಅದನ್ನು ಸರಿಯಾಗಿ ತೀರಿಸಿದವರಿಗೆ ಮತ್ತೆ 2 ಲಕ್ಷ. ಉಪಕರಣಕ್ಕೆ 15,000 ರೂಪಾಯಿ ವೋಚರ್, ತರಬೇತಿಗೆ ದಿನಕ್ಕೆ 500. ಮನೆಗೆ ಒಬ್ಬರಿಗೇ. ಮುದ್ರಾ (ಸಣ್ಣ ಉದ್ಯಮಗಳಿಗೆ ಕೇಂದ್ರದ ಯೋಜನೆ) ಸಾಲ ಬಾಕಿ ಇದ್ದರೆ ಇದು ಸಿಗದು, ಹಾಗಾಗಿ ಯಾವುದನ್ನು ಮೊದಲು ತೆಗೆಯುವುದೆಂದು ಯೋಚಿಸಿ.

ನಡೆಯುತ್ತಿರುವ ಅಂಗಡಿಗೆ ಮುದ್ರಾ ಸಲೀಸು: ಅದರ ತರುಣ್ ಎಂಬ ವರ್ಗದಲ್ಲಿ 10 ಲಕ್ಷದವರೆಗೆ, ಅಡಮಾನ ಬೇಡ. ಸಬ್ಸಿಡಿಯೂ ಇಲ್ಲ.

ಹೊಸದಾಗಿ ಘಟಕವನ್ನೇ ಹಾಕುವವರಿಗೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ). ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ 25, ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಶೇ 35 ಸಬ್ಸಿಡಿ. ಆ ದುಡ್ಡು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಕೈಗೆ ಬರುತ್ತದೆಂದು ಲೆಕ್ಕ ಹಾಕಬೇಡಿ. ಯೋಜನಾ ವರದಿಯಲ್ಲಿ ಜಾಗದ ಬೆಲೆ ಸೇರಿಸುವಂತಿಲ್ಲ. ಅರ್ಜಿಗೆ ಮುಂಚೆ ಬಾಗಲಕೋಟೆಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸದ್ಯದ ನಿಯಮ ಕೇಳಿಕೊಳ್ಳಿ.

ತ್ರೀ-ಫೇಸ್ ಪ್ಲೇನರ್ (ರಂದಾ ಮಷಿನ್) ತರುವುದಾದರೆ ಹೆಸ್ಕಾಂ ವಿದ್ಯುತ್ ಸಂಪರ್ಕದ ಖರ್ಚನ್ನೂ ವರದಿಯಲ್ಲಿ ಬರೆಸಿ. ಮನೆ ಮೀಟರಿನಲ್ಲಿ ಮಷಿನ್ ಓಡಿಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದುಪ್ಪಟ್ಟು ದರ ಬೀಳುತ್ತದೆ.