ಅಂಜದೀವ, ಗೋವಾ, 1961: ಯಾವ ದಾಖಲೆ ಯಾವುದಕ್ಕೆ?

ಪೋರ್ಚುಗೀಸರಿಂದ ಗೋವಾ ಬಿಡಿಸಿದ 1961ರ ಕಾರ್ಯಾಚರಣೆ ಕಾರವಾರದವರ ಕಣ್ಣೆದುರೇ ನಡೆದದ್ದು. ನವೆಂಬರ್ 17ಕ್ಕೆ ಕಾರವಾರದ ಎದುರಿನ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವ ದ್ವೀಪದಿಂದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿತು. ಮುಂದಿನ ವಾರ ಇಲ್ಲಿಯ ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ಡಿಸೆಂಬರ್ 18ಕ್ಕೆ ಐಎನ್ಎಸ್ ತ್ರಿಶೂಲ್, ಐಎನ್ಎಸ್ ಮೈಸೂರು ಹಡಗುಗಳ ಬೆಂಬಲದಲ್ಲಿ ದ್ವೀಪಕ್ಕೆ ಇಳಿದ ನೌಕಾಪಡೆಯವರಲ್ಲಿ 7 ಮಂದಿ ಪ್ರಾಣ ಕೊಟ್ಟರು. ಆದರೂ ನಂತರದ ಬರಹಗಳಲ್ಲಿ ಹಡಗಿನ ಘಟನೆ, ಮೀನುಗಾರನ ಸಾವು ಎರಡೂ ಕಲಸಿಹೋಗಿ ನವೆಂಬರ್ 24ರ ಒಂದೇ ಘಟನೆ ಎಂಬಂತೆ ಅಚ್ಚಾಗುತ್ತವೆ. ಮೂಲ ದಾಖಲೆ ನೋಡದೆ ಒಬ್ಬರದ್ದನ್ನು ಇನ್ನೊಬ್ಬರು ಎತ್ತಿ ಬರೆದರೆ ಆಗುವುದೇ ಇದು. ದಾಖಲೆಗಳೇನೋ ಇವೆ. ಯಾವುದನ್ನು ಯಾವ ಪ್ರಶ್ನೆಗೆ ಹಿಡಿಯಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ವಿಶ್ವಸಂಸ್ಥೆಯದು. ಭದ್ರತಾ ಮಂಡಳಿಯ 987 ಮತ್ತು 988ನೇ ಸಭೆಗಳ ನಡಾವಳಿಯನ್ನು ಎಸ್/ಪಿವಿ.987, ಎಸ್/ಪಿವಿ.988 ಎಂಬ ಸಂಖ್ಯೆ ಹಾಕಿ ಅವರ ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕಿದರೆ ಪುಕ್ಕಟೆ ಇಳಿಸಿಕೊಳ್ಳಬಹುದು. ಕರಡು ನಿರ್ಣಯಗಳು ಎರಡು. ಪೋರ್ಚುಗಲ್ಲಿನ ದೂರನ್ನು ತಳ್ಳಿಹಾಕಬೇಕೆಂದ ಎಸ್/5032 ಸಿಲೋನ್, ಲೈಬೀರಿಯ, ಸಂಯುಕ್ತ ಅರಬ್ ಗಣರಾಜ್ಯಗಳದು. ಅದಕ್ಕೆ ಪರ 4, ವಿರುದ್ಧ 7. ಕದನವಿರಾಮ ಮಾಡಿ ಭಾರತ ಸೈನ್ಯ ಹಿಂತೆಗೆಯಬೇಕೆಂದ ಎಸ್/5033 ಅಮೆರಿಕ, ಬ್ರಿಟನ್, ಫ್ರಾನ್ಸ್, ತುರ್ಕಿಯದು. ಪರ 7, ವಿರುದ್ಧ 4. ಆಗ ಮಂಡಳಿಯಲ್ಲಿ ಇದ್ದದ್ದು 11 ಸದಸ್ಯರು, ನಿರ್ಣಯ ಪಾಸಾಗಲು 7 ಮತ ಸಾಕಿತ್ತು. ಈಗಿನ 15ರ ಲೆಕ್ಕ ತಲೆಯಲ್ಲಿಟ್ಟುಕೊಂಡು ಓದಿದರೆ 7 ಮತ ಬಹುಮತವೇ ಅಲ್ಲ ಎನಿಸುತ್ತದೆ, ಸೋವಿಯತ್ ವೀಟೊದ ತೂಕ ಗೊತ್ತೇ ಆಗುವುದಿಲ್ಲ. ಬೇಕಾದ ಮತ ಬಿದ್ದಿದ್ದರೂ ಎಸ್/5033 ಬಿದ್ದುಹೋದದ್ದು ಆ ವೀಟೊದಿಂದ.

ಇನ್ನೊಂದು ಗುಂಡಿ ಗಂಟೆಯದು. ಎರಡೂ ಸಭೆಗಳ ತಾರೀಖು ಡಿಸೆಂಬರ್ 18 ಎಂದೇ ಇದೆ, ಆದರೆ ಅದು ನ್ಯೂಯಾರ್ಕಿನ 18. ನಾವು ಅವರಿಗಿಂತ ಹತ್ತೂವರೆ ತಾಸು ಮುಂದೆ. ಅಲ್ಲಿ ಸಂಜೆ 8 ಎಂದರೆ ಇಲ್ಲಿ 19ರ ಬೆಳಗಿನ 6.30. ಅಲ್ಲಿ ಕದನವಿರಾಮದ ಮೇಲೆ ಭಾಷಣ ನಡೆಯುವಾಗ ಇಲ್ಲಿ ಸೈನ್ಯ ಪಣಜಿಯ ಬಾಗಿಲಲ್ಲಿತ್ತು. ಲಿಸ್ಬನ್ನಿನ ಚಳಿಗಾಲದ ವೇಳೆ ನಮಗಿಂತ ಐದೂವರೆ ತಾಸು ಹಿಂದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಗೀಟು ಹಾಕಿ ಪ್ರತಿ ತಂತಿಯನ್ನೂ ಭಾರತೀಯ ವೇಳೆಗೆ ತಂದುಕೊಳ್ಳದೆ ಒಂದು ಸಾಲನ್ನೂ ಬರೆಯಬೇಡಿ.

ರಾಜತಂತ್ರದ ಒಳಮಾತು ಬೇಕಾದರೆ ಅಮೆರಿಕದ ವಿದೇಶಾಂಗ ಇಲಾಖೆ ಪ್ರಕಟಿಸಿದ 'ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್' ಸಂಪುಟಗಳಿಗೆ ಸರಿಸಾಟಿ ಇಲ್ಲ. ಇಡೀ ಸಾಲು ಅವರ ಇತಿಹಾಸ ವಿಭಾಗದ ತಾಣದಲ್ಲಿ ಉಚಿತ. ಗೋವಾ ಎಂದರೆ ಎಲ್ಲರೂ 1961–63ರ ಸಾಲಿನ 19ನೇ ಸಂಪುಟ, ಅಂದರೆ ದಕ್ಷಿಣ ಏಷ್ಯಾದ್ದು, ತೆರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಅಲ್ಲಿ ದೆಹಲಿಯಿಂದ ರಾಯಭಾರಿ ಗಾಲ್‌ಬ್ರೇತ್ ಕಳಿಸಿದ ತಂತಿಗಳಿವೆ, ಕಾರ್ಯಾಚರಣೆ ಮುಂದೂಡಿಸಲು ನಡೆದ ಪ್ರಯತ್ನ ಇದೆ. ಪೋರ್ಚುಗಲ್ಲಿನ ಮಾತು ಇರುವುದು 13ನೇ ಸಂಪುಟದಲ್ಲಿ, ಪಶ್ಚಿಮ ಯುರೋಪಿನದರಲ್ಲಿ. ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪದಲ್ಲಿ ಅಮೆರಿಕ ಬಳಸುತ್ತಿದ್ದ ಲಾಜೆಸ್ ವಾಯುನೆಲೆಯ ಒಪ್ಪಂದ 1962ರ ಕೊನೆಗೆ ಮುಗಿಯುವುದಿತ್ತು. ವಾಷಿಂಗ್ಟನ್ ಗೋವಾದ ಬಗ್ಗೆ ಅಷ್ಟು ಎಚ್ಚರದಿಂದ ಮಾತಾಡಿದ್ದು ಯಾಕೆಂದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೇ ಗೊತ್ತಾಗುತ್ತದೆ. ಅಡಿಟಿಪ್ಪಣಿಯಲ್ಲಿ ಕಡತಸಂಖ್ಯೆಯ ಕೊನೆಗೆ 12–1461 ಅಂತ ಇದ್ದರೆ ಅದು 12ನೇ ತಿಂಗಳು, 14ನೇ ತಾರೀಖು, 61ನೇ ಇಸವಿ. ಅದನ್ನು ಕಡತದ ಕ್ರಮಸಂಖ್ಯೆ ಎಂದು ನಕಲು ಮಾಡಿಕೊಂಡವರು ಮುಂದೆ ಮೂಲ ಪ್ರತಿ ಕೇಳುವಾಗ ಸಿಕ್ಕಿಬೀಳುತ್ತಾರೆ. ಚೌಕ ಕಂಸದಲ್ಲಿ ಇಷ್ಟು ಸಾಲು ಬಿಡುಗಡೆಯಾಗಿಲ್ಲ ಎಂದಿದ್ದರೆ ಅದನ್ನೂ ನಿಮ್ಮ ಟಿಪ್ಪಣಿಯಲ್ಲಿ ಗುರುತು ಮಾಡಿ. ಎಷ್ಟು ಒಳ್ಳೆಯದಿದ್ದರೂ ಇದು ಆಯ್ದು ಕೊಟ್ಟ ದಾಖಲೆ. ಕಾರವಾರದ ಕಿನಾರೆಯಲ್ಲಿ ಏನಾಯಿತು ಎಂಬುದಕ್ಕೆ ಇದರಲ್ಲಿ ಉತ್ತರ ಹುಡುಕಬೇಡಿ.

ನಮ್ಮ ವಿದೇಶಾಂಗ ಸಚಿವಾಲಯದ ಮಾಸಿಕ ಫಾರಿನ್ ಅಫೇರ್ಸ್ ರೆಕಾರ್ಡ್ ಮತ್ತು ಲೋಕಸಭೆಯ ಚರ್ಚೆಗಳು ಸರ್ಕಾರ ಹೊರಗೆ ಆಡಿದ ಮಾತಿಗೆ ಸಾಕು, ಒಳಗಿನ ಮಾತಿಗೆ ಸಾಲವು. ಲೋಕಸಭೆಯ ಹಳೆಯ ಮುದ್ರಣದಲ್ಲಿ ಪುಟವಲ್ಲ, ಕಾಲಂ ಸಂಖ್ಯೆ ಕೊಡಬೇಕು.

ದ್ವೀಪದ ಕಾರ್ಯಾಚರಣೆಗೆ ಮೊದಲು ಹಿಡಿಯಬೇಕಾದ್ದು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ 1974ರಲ್ಲಿ ಹೊರತಂದ ಪಿ.ಎನ್. ಖೇರಾ ಅವರ 'ಆಪರೇಷನ್ ವಿಜಯ್'. ಯಾವ ದಳ ಎಲ್ಲಿ, ಯಾರ ಕೈಕೆಳಗೆ ಎಂಬುದು ಅದರಲ್ಲಿ ಚೊಕ್ಕವಾಗಿದೆ. ತೊಂದರೆಯೆಂದರೆ ಅದರ ಹಿಂದಿರುವ ಯುದ್ಧ ದಿನಚರಿಗಳು ನಮ್ಮ ಕೈಗೆ ಬರುವುದು ಕಷ್ಟ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಹೆಸರು ನೋಂದಾಯಿಸಿ ಹುಡುಕಿದರೆ ವಿದೇಶಾಂಗದ ಕಡತಗಳು ಸಿಗುತ್ತವೆ, ಸೇನೆಯವು ಅಪರೂಪ. 25 ವರ್ಷ ದಾಟಿದ ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ ತೆರೆಯಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿದೆ. ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ಅದನ್ನು ಉಲ್ಲೇಖಿಸಿ, 'ಅಂಜದೀವದ ಎಲ್ಲಾ ದಾಖಲೆ' ಎಂದು ಕೇಳದೆ ಹಡಗಿನ ಹೆಸರು ಮತ್ತು ತಾರೀಖು ಕೊಟ್ಟು ಕೇಳಿ. ಗೊತ್ತುಗುರಿಯಿಲ್ಲದ ಅರ್ಜಿಯನ್ನು ತಿರಸ್ಕರಿಸುವುದು ಸುಲಭ.

ಪೋರ್ಚುಗೀಸರ ಕಡೆಯದನ್ನು ಬಿಟ್ಟು ಬರೆಯುವುದು ಸರಿಯಲ್ಲ. ಲಿಸ್ಬನ್ನಿನ ತೋರೆ ದೊ ತೊಂಬು ಪತ್ರಾಗಾರದಲ್ಲಿ ಆಗಿನ ಪ್ರಧಾನಿ ಸಲಾಜಾರನ ಕಡತಗಳಿವೆ, ಸೂಚಿ ಅವರ ಡಿಜಿಟಾರ್ಕ್ ತಾಣದಲ್ಲಿದೆ. ಹುಡುಕುವಾಗ ದ್ವೀಪಕ್ಕೆ 'ಆಂಜೆದೀವಾ' (Angediva), ಭಾರತಕ್ಕೆ 'ಉನಿಯಾಂವ್ ಇಂದಿಯಾನಾ' (União Indiana) ಎಂಬ ಅವರ ಕಾಗುಣಿತವನ್ನೇ ಹಾಕಬೇಕು. ನಮ್ಮ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಏನೂ ಬರುವುದಿಲ್ಲ. ಅಲ್ಲಿಯ ವಿದೇಶಾಂಗ ಸಚಿವಾಲಯ ಅಚ್ಚು ಹಾಕಿದ 1947–1967ರ ನಾಲ್ಕು ಸಂಪುಟಗಳೂ ಇವೆ, ಆದರೆ ಅವು ತಮ್ಮ ವಾದ ಗೆಲ್ಲಿಸಲು ಆರಿಸಿದ ಕಾಗದಗಳು. ಸೈನ್ಯಾಧಿಕಾರಿಗಳ ವರದಿ ಓದುವಾಗ ಇನ್ನೂ ಹುಷಾರಾಗಿರಬೇಕು. ಡಿಸೆಂಬರ್ 14ರ ಸಂದೇಶದಲ್ಲಿ ಸಲಾಜಾರ್ ಕನಿಷ್ಠ ಎಂಟು ದಿನ ಹಿಡಿದು ನಿಲ್ಲಬೇಕು, ಶರಣಾಗಕೂಡದು ಎಂದಿದ್ದ. ಗೋವಾದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ 19ರ ರಾತ್ರಿಯೇ ಶರಣಾಗತಿಗೆ ಸಹಿ ಹಾಕಿದ. 1962ರಲ್ಲಿ ಸೆರೆಯಿಂದ ಊರಿಗೆ ಮರಳಿದವರನ್ನು ವಿಚಾರಣೆ ಕಾಯುತ್ತಿತ್ತು, 1963ರಲ್ಲಿ ಅವನನ್ನೂ ಕೆಲವರನ್ನೂ ಸೇನೆಯಿಂದ ವಜಾ ಮಾಡಿದರು. ಆ ಹೊತ್ತಿನಲ್ಲಿ ಬರೆದ ವರದಿ ತನ್ನನ್ನು ಉಳಿಸಿಕೊಳ್ಳಲು ಬರೆದದ್ದೂ ಹೌದು. ಹಾಗೆಯೇ ದ್ವೀಪದಲ್ಲಿ ಬಿಳಿ ಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿದರೆಂಬ ನಮ್ಮ ನೌಕಾಪಡೆಯ ಆರೋಪವನ್ನೂ ಎರಡೂ ಕಡೆಯ ಕಾಗದ ಎದುರಿಗಿಟ್ಟುಕೊಂಡೇ ಬರೆಯಬೇಕು.

ಜಿಲ್ಲೆಯ ಕಡತ ಹುಡುಕುವವರು 1956ರ ನವೆಂಬರ್ 1ನ್ನು ನೆನಪಿಡಿ. ಅಲ್ಲಿಯವರೆಗೆ ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿತ್ತು. 1954–55ರ ಗೋವಾ ಸತ್ಯಾಗ್ರಹ, ಮಾಜಾಳಿ ಗಡಿಯ ಬಂದೋಬಸ್ತಿನ ಬಗ್ಗೆ ಸಚಿವಾಲಯ ಮಟ್ಟದ ಪತ್ರಗಳಿಗೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಕೇಳಬೇಕು, 1961ರವಕ್ಕೆ ಬೆಂಗಳೂರಿನಲ್ಲಿ. ಮುಂಬಯಿಯಲ್ಲಿ 'ಕಾರವಾರ' ಎಂದು ಮಾತ್ರ ಹೇಳಿದರೆ ಅರ್ಧ ಸಿಗುವುದಿಲ್ಲ. 'ಕೆನರಾ', 'ನಾರ್ತ್ ಕೆನರಾ' ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ.